ಇಂಗಾಲದ ಬೆಲೆ ಯಾರ ಮನೆಯ ಬಿಲ್ಲಿಗೆ?

ಕೇಂದ್ರ ಸರ್ಕಾರ 2025ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಅಧಿಸೂಚನೆಯೊಂದರ ಬಗ್ಗೆ ಆಗಬೇಕಾದಷ್ಟು ಮಾತು ಆಗಲಿಲ್ಲ. ಸಿಮೆಂಟ್, ಅಲ್ಯೂಮಿನಿಯಂ, ಕಾಗದ, ಕ್ಲೋರ್-ಆಲ್ಕಲಿ ಈ ನಾಲ್ಕು ವಲಯಗಳ 282 ಕಾರ್ಖಾನೆಗಳು ಒಂದು ಟನ್ ಸರಕು ತಯಾರಿಸುವಾಗ ಎಷ್ಟು ಇಂಗಾಲ ಹೊರಸೂಸಬಹುದು ಎಂಬುದನ್ನು ಅದು ಗೊತ್ತುಮಾಡಿತು. ಗುರಿಗಿಂತ ಕಡಿಮೆ ಹೊರಸೂಸಿದ ಕಾರ್ಖಾನೆಗೆ ಕ್ರೆಡಿಟ್ ಸಿಗುತ್ತದೆ. ಗುರಿ ಮೀರಿದ ಕಾರ್ಖಾನೆ ಆ ಕ್ರೆಡಿಟ್ಟನ್ನು ಕೊಳ್ಳಬೇಕು. ಕೊಳ್ಳದಿದ್ದರೆ ಅದರ ಸರಾಸರಿ ಬೆಲೆಯ ಎರಡರಷ್ಟನ್ನು ಪರಿಸರ ಪರಿಹಾರವಾಗಿ ತೆರಬೇಕು. 2023ರ ಜೂನ್‌ನಲ್ಲಿ ಪ್ರಕಟವಾದ ಕಾರ್ಬನ್ ಕ್ರೆಡಿಟ್ ವಹಿವಾಟು ಯೋಜನೆ ಕಾಗದದಿಂದ ಕಾರ್ಖಾನೆಯ ಅಂಗಳಕ್ಕೆ ಇಳಿದದ್ದು ಹೀಗೆ.

ಇದರಿಂದ ಮನೆ ಖರ್ಚು ಏರುತ್ತದೆಯೇ? ಲೆಕ್ಕ ಹಾಕಿಯೇ ನೋಡೋಣ. 50 ಕೆ.ಜಿ.ಯ ಒಂದು ಚೀಲ ಸಿಮೆಂಟ್ ತಯಾರಾಗುವಾಗ ಸುಮಾರು 30 ಕೆ.ಜಿ. ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಲೆಕ್ಕಕ್ಕೆಂದು ಟನ್ನಿಗೆ 800 ರೂಪಾಯಿ ಬೆಲೆ ಇಟ್ಟುಕೊಂಡರೆ ಆ ಹೊಗೆಯ ಪೂರ್ತಿ ಬೆಲೆ 24 ರೂಪಾಯಿ. ಆದರೆ ನಮ್ಮ ಯೋಜನೆಯಲ್ಲಿ ಪೂರ್ತಿ ಹೊಗೆಗೆ ಹಣ ಕಟ್ಟಬೇಕಿಲ್ಲ, ಗುರಿ ಮೀರಿದ ಪಾಲಿಗೆ ಮಾತ್ರ ಕಟ್ಟಿದರೆ ಸಾಕು. ಆ ಪಾಲು ಶೇಕಡ ಮೂರು ಎಂದುಕೊಂಡರೆ ಚೀಲಕ್ಕೆ ಬೀಳುವುದು ಒಂದು ರೂಪಾಯಿಗೂ ಕಡಿಮೆ. ಸಾವಿರ ಚದರಡಿಯ ಮನೆಗೆ ನಾನೂರು ಚೀಲ ಬೇಕಾದರೂ ಒಟ್ಟು ಹೊರೆ ಮುನ್ನೂರು ರೂಪಾಯಿ ದಾಟದು. ಮನೆ ಕಟ್ಟುವವರ ನಿದ್ದೆ ಕೆಡಿಸುವ ಮೊತ್ತವಲ್ಲ ಅದು.

ನನ್ನ ಆತಂಕ ಇರುವುದು ವಿದ್ಯುತ್ತಿನ ವಿಚಾರದಲ್ಲಿ. ದೇಶದ ವಿದ್ಯುತ್ತಿನಲ್ಲಿ ಸುಮಾರು ಮುಕ್ಕಾಲು ಭಾಗ ಕಲ್ಲಿದ್ದಲಿನಿಂದ ಬರುತ್ತದೆ. ಅಷ್ಟು ದೊಡ್ಡ ವಲಯವನ್ನು ಈ ಯೋಜನೆಯ ಹೊರಗೇ ಇಡಲಾಗಿದೆ. ಬಹಳ ಕಾಲ ಹಾಗೆ ಇಡಲು ಸಾಧ್ಯವಿಲ್ಲ, ಇಡಲೂ ಬಾರದು. ಕಲ್ಲಿದ್ದಲು ಸುಟ್ಟು ಒಂದು ಯೂನಿಟ್ ಉತ್ಪಾದಿಸಿದರೆ ಹೆಚ್ಚುಕಡಿಮೆ ಒಂದು ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಅದೇ 800 ರೂಪಾಯಿ ದರದಲ್ಲಿ, ಪೂರ್ತಿ ಹೊಗೆಗೆ ಬೆಲೆ ಕಟ್ಟಿದ ದಿನ, ಯೂನಿಟ್ಟಿಗೆ 80 ಪೈಸೆ. ಅಂಥ ದಿನ ಬಂದಾಗ ವಸೂಲಾದ ಹಣ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಈಗಲೇ ಕೇಳಬೇಕು. ಮನೆಯ ಮೇಲೆ ಬೀಳುವ ಭಾರವನ್ನು ಇಂಗಾಲದ ಬೆಲೆಗಿಂತ ಹೆಚ್ಚಾಗಿ ಆ ಹಣದ ದಾರಿಯೇ ತೀರ್ಮಾನಿಸುತ್ತದೆ.

ಈ ಪ್ರಶ್ನೆಗೆ ಬಹಳ ಎಚ್ಚರದಿಂದ ಉತ್ತರ ಸಿದ್ಧಮಾಡಿಕೊಂಡಿದ್ದ ದೇಶ ಆಸ್ಟ್ರೇಲಿಯಾ. ಜೂಲಿಯಾ ಗಿಲಾರ್ಡ್ ಸರ್ಕಾರ 2012ರ ಜುಲೈ 1ರಿಂದ ಟನ್ ಇಂಗಾಲಕ್ಕೆ 23 ಡಾಲರ್ ಬೆಲೆ ನಿಗದಿ ಮಾಡಿತು. ಮೊದಲ ಮೂರು ವರ್ಷ ಸರ್ಕಾರವೇ ಗೊತ್ತುಮಾಡಿದ ಬೆಲೆ, 2015ರ ಜುಲೈನಿಂದ ಮಾರುಕಟ್ಟೆಯ ಬೆಲೆ ಎಂಬುದು ಯೋಜನೆ. ಮನೆಬಳಕೆಯ ವಾಹನಗಳ ಪೆಟ್ರೋಲನ್ನು ಕೈಬಿಟ್ಟರು, ಕೃಷಿಯನ್ನೂ ಕೈಬಿಟ್ಟರು. ಅಲ್ಲಿನ ಖಜಾನೆ ಇಲಾಖೆಯ ಅಂದಾಜು ಪೈಸೆ ಲೆಕ್ಕದ್ದು: ಒಂದು ಕುಟುಂಬಕ್ಕೆ ವಾರಕ್ಕೆ ಸರಾಸರಿ 9.90 ಡಾಲರ್ ಹೆಚ್ಚುವರಿ ಖರ್ಚು, ಅದರಲ್ಲಿ ವಿದ್ಯುತ್ತಿಗೆ 3.30, ಮನೆಬಳಕೆಯ ಗ್ಯಾಸಿಗೆ 1.50. ಒಟ್ಟು ಬೆಲೆಮಟ್ಟದಲ್ಲಿ ಶೇ 0.7ರಷ್ಟು ಏರಿಕೆ. ಇದಕ್ಕೆ ಎದುರಾಗಿ ಪ್ರತಿ ಕುಟುಂಬಕ್ಕೆ ವಾರಕ್ಕೆ ಸರಾಸರಿ 10.10 ಡಾಲರ್ ಮರಳಿ ಕೊಡುವ ಏರ್ಪಾಟೂ ಇತ್ತು. ಆದಾಯ ತೆರಿಗೆಯ ವಿನಾಯಿತಿ ಮಿತಿ 6,000 ಡಾಲರಿನಿಂದ 18,200ಕ್ಕೆ ಏರಿತು. ಒಂಟಿ ಪಿಂಚಣಿದಾರರಿಗೆ ವರ್ಷಕ್ಕೆ 338 ಡಾಲರ್, ದಂಪತಿಗೆ 510 ಡಾಲರ್ ಹೆಚ್ಚುವರಿಯಾಗಿ ಸಿಕ್ಕಿತು. ಬಡವರ ಮೇಲೆ ಭಾರ ಬೀಳದಂತೆ ಇಂಗಾಲಕ್ಕೆ ಬೆಲೆ ಕಟ್ಟುವುದು ಹೇಗೆಂದು ಯಾರಾದರೂ ಕೇಳಿದರೆ ಈ ಲೆಕ್ಕವನ್ನು ನಾನು ಇವತ್ತಿಗೂ ಮುಂದಿಡುತ್ತೇನೆ.

ಆದರೂ ಅದು ಎರಡು ವರ್ಷ ಬಾಳಿತಷ್ಟೇ. ವಿರೋಧ ಪಕ್ಷದ ಟೋನಿ ಅಬಾಟ್ ವಯಾಲಾ ಎಂಬ ಉಕ್ಕಿನ ಊರೇ ನಕ್ಷೆಯಿಂದ ಅಳಿಸಿಹೋಗುತ್ತದೆ ಎಂದರು. ಒಂದು ಹೊತ್ತಿನ ಕುರಿಮಾಂಸದ ಊಟಕ್ಕೆ ನೂರು ಡಾಲರ್ ಆಗುತ್ತದೆ ಎಂದರು ಅದೇ ಪಾಳೆಯದ ಬಾರ್ನಬಿ ಜಾಯ್ಸ್. ಕುರಿಮಾಂಸ ನೂರು ಡಾಲರ್ ಆಗಲಿಲ್ಲ, ವಯಾಲಾ ನಕ್ಷೆಯಲ್ಲಿ ಈಗಲೂ ಇದೆ. ಆದರೆ ತಾನು ಮುನ್ನಡೆಸುವ ಸರ್ಕಾರದಲ್ಲಿ ಇಂಗಾಲ ತೆರಿಗೆ ಇರುವುದಿಲ್ಲ ಎಂದು 2010ರ ಚುನಾವಣೆಗೆ ಮುನ್ನ ಗಿಲಾರ್ಡ್ ಕೊಟ್ಟಿದ್ದ ಮಾತು ಜನರ ನೆನಪಿನಲ್ಲಿತ್ತು. ಮಾತು ತಪ್ಪಿದವರ ಲೆಕ್ಕಪತ್ರವನ್ನು ನಂಬುವವರು ಕಡಿಮೆ.

ಇನ್ನೊಂದು ಕಾರಣ ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಆ ವರ್ಷಗಳಲ್ಲಿ ಆಸ್ಟ್ರೇಲಿಯಾದ ಕರೆಂಟ್ ಬಿಲ್ ಏರಿದ್ದಕ್ಕೆ ಮುಖ್ಯ ಕಾರಣ ಕಂಬ, ತಂತಿ, ಜಾಲದ ಮೇಲೆ ಸುರಿದ ಹಣ. ಇಂಗಾಲದ ಬೆಲೆ ಅದರ ಮೇಲೆ ಬಂದು ಕೂತಿತು, ಎಲ್ಲ ಏರಿಕೆಯ ದೂರೂ ಅದರ ಹೆಗಲಿಗೇ ಬಿತ್ತು. ನ್ಯೂ ಸೌತ್ ವೇಲ್ಸ್‌ನಲ್ಲಿ ಇಂಗಾಲ ತೆರಿಗೆಯಿಂದ ಬಿಲ್ ಎಷ್ಟು ಹೆಚ್ಚಾಗಿದೆ ಎಂದು ಬಿಲ್ಲಿನ ಮೇಲೆಯೇ ಅಚ್ಚುಹಾಕಿದರು. ಮರಳಿ ಬಂದ ಹಣವಾದರೋ ಸಂಬಳದ ತೆರಿಗೆ ಕಡಿತದಲ್ಲಿ, ಪಿಂಚಣಿಯ ಮೊತ್ತದಲ್ಲಿ ಕರಗಿಹೋಗಿತ್ತು. ಕಳೆದುಕೊಂಡದ್ದು ಮೂರು ತಿಂಗಳಿಗೊಮ್ಮೆ ಮನೆ ಬಾಗಿಲಿಗೆ ಬರುವ ಕಾಗದದಲ್ಲಿ ಕಾಣುತ್ತಿತ್ತು, ಪಡೆದದ್ದು ಎಲ್ಲಿಯೂ ಕಾಣುತ್ತಿರಲಿಲ್ಲ. 2013ರ ಚುನಾವಣೆ ಗೆದ್ದ ಅಬಾಟ್ ಕುಟುಂಬಕ್ಕೆ ವರ್ಷಕ್ಕೆ 550 ಡಾಲರ್ ಉಳಿಯುತ್ತದೆ ಎಂದು ಹೇಳಿ 2014ರ ಜುಲೈ 17ರಂದು ಕಾನೂನನ್ನು ರದ್ದುಮಾಡಿಸಿದರು. ಅವರ ಕಚೇರಿಯ ಮುಖ್ಯಸ್ಥೆಯಾಗಿದ್ದ ಪೀಟಾ ಕ್ರೆಡ್ಲಿನ್ 2017ರಲ್ಲಿ ಟಿವಿಯಲ್ಲಿ ಮಾತಾಡುತ್ತ, ಅದು ಇಂಗಾಲ ತೆರಿಗೆಯೇ ಆಗಿರಲಿಲ್ಲ, ಅದಕ್ಕೆ ಆ ಹೆಸರು ಅಂಟಿಸಿ ಜೇಬಿನ ಜಗಳವಾಗಿಸಿದ್ದು ತಾವು ಎಂದು ಒಪ್ಪಿಕೊಂಡರು. ಆ ಹೊತ್ತಿಗೆ ತಡವಾಗಿತ್ತು.

ಕೆನಡಾ ಮರುಪಾವತಿಯನ್ನು ನೇರ ಬ್ಯಾಂಕ್ ಖಾತೆಗೇ ಹಾಕುತ್ತಿತ್ತು. ಅಲ್ಲೂ 2025ರ ಏಪ್ರಿಲ್ 1ರಿಂದ ಗ್ರಾಹಕರ ಮೇಲಿನ ಇಂಗಾಲ ಶುಲ್ಕ ನಿಂತಿತು. ಹಣ ಕೊಟ್ಟರಷ್ಟೇ ಸಾಲದು, ಯಾಕೆ ಕೊಟ್ಟದ್ದು ಎಂಬುದೂ ಜನರಿಗೆ ತಿಳಿಯಬೇಕು.

ನಮ್ಮ ದೇಶದ ಕಥೆ ಇದಕ್ಕಿಂತ ನೋವಿನದು. ಇಲ್ಲಿ ಇಂಗಾಲಕ್ಕೆ ಬೆಲೆ ಕಟ್ಟಿ ಹದಿನೈದು ವರ್ಷವಾಯಿತು, ತೆತ್ತ ಮನೆಗಳಿಗೆ ಅದು ಗೊತ್ತೇ ಇಲ್ಲ. 2010ರಲ್ಲಿ ಟನ್ ಕಲ್ಲಿದ್ದಲಿಗೆ 50 ರೂಪಾಯಿ ಸೆಸ್ ಹಾಕಲಾಯಿತು. 2016ರ ಹೊತ್ತಿಗೆ ಅದು 400 ರೂಪಾಯಿ. ಒಂದು ಯೂನಿಟ್ ವಿದ್ಯುತ್ತಿಗೆ 650ರಿಂದ 700 ಗ್ರಾಂ ಕಲ್ಲಿದ್ದಲು ಉರಿಯುತ್ತದೆ ಎಂದರೆ ಯೂನಿಟ್ಟಿಗೆ 26ರಿಂದ 28 ಪೈಸೆ. ಆ ಹಣಕ್ಕೆಂದೇ ರಾಷ್ಟ್ರೀಯ ಶುದ್ಧ ಇಂಧನ ನಿಧಿ ಹುಟ್ಟಿತ್ತು. 2017ರಲ್ಲಿ ಜಿಎಸ್‌ಟಿ ಬಂದಾಗ ಈ ಸೆಸ್ ರಾಜ್ಯಗಳ ತೆರಿಗೆ ನಷ್ಟ ತುಂಬುವ ಪರಿಹಾರ ಸೆಸ್ಸಾಗಿ ಬದಲಾಯಿತು. ಶುದ್ಧ ಇಂಧನಕ್ಕೆಂದು ಎತ್ತಿದ ಹಣ ಬಜೆಟ್ಟಿನ ತೂತು ಮುಚ್ಚಲು ಹೋಯಿತು. 2025ರ ಸೆಪ್ಟೆಂಬರ್‌ನಲ್ಲಿ ಸೆಸ್ ತೆಗೆದು ಕಲ್ಲಿದ್ದಲಿನ ಜಿಎಸ್‌ಟಿಯನ್ನು ಶೇ 5ರಿಂದ 18ಕ್ಕೆ ಏರಿಸಿದರು. ಇಷ್ಟೆಲ್ಲ ಆಗುವಾಗ ಬೀದರಿನಲ್ಲೋ ಭಟ್ಕಳದಲ್ಲೋ ಬಿಲ್ ಕಟ್ಟುವ ಮನೆಯವರನ್ನು ಯಾರೂ ಒಂದು ಮಾತು ಕೇಳಲಿಲ್ಲ, ಅವರಿಗೆ ಒಂದು ಮಾತು ಹೇಳಲೂ ಇಲ್ಲ.

ಈಗಿನ ಕ್ರೆಡಿಟ್ ಯೋಜನೆಯಲ್ಲಿ ಇನ್ನೊಂದು ಕೊರತೆಯಿದೆ. ಆಸ್ಟ್ರೇಲಿಯಾದಲ್ಲಿ ಬೆಲೆಯ ಹಣ ಸರ್ಕಾರಕ್ಕೆ ಬರುತ್ತಿತ್ತು, ಹಾಗಾಗಿ ಮನೆಗಳಿಗೆ ಮರಳಿಸಲು ಏನಾದರೂ ಇತ್ತು. ಇಲ್ಲಿ ಹಣ ಒಂದು ಕಾರ್ಖಾನೆಯಿಂದ ಇನ್ನೊಂದು ಕಾರ್ಖಾನೆಗೆ ಹೋಗುತ್ತದೆ. ಇದೇ ನಮೂನೆಯನ್ನು ನಾಳೆ ಉಷ್ಣ ವಿದ್ಯುತ್ ಸ್ಥಾವರಗಳಿಗೂ ಹೊಂದಿಸಿದರೆ ಖರ್ಚು ಬಿಲ್ಲಿಗೆ ಇಳಿಯುತ್ತದೆ, ಮರಳಿ ಕೊಡಲು ಬೊಕ್ಕಸದಲ್ಲಿ ಒಂದು ಪೈಸೆಯೂ ಇರುವುದಿಲ್ಲ.

ಕರ್ನಾಟಕಕ್ಕೆ ಇದು ಬೇರೆಯೇ ರೀತಿಯಲ್ಲಿ ತಟ್ಟುತ್ತದೆ. ನಮ್ಮಲ್ಲಿ ಬಿಸಿಲು, ಗಾಳಿ, ನೀರಿನ ವಿದ್ಯುತ್ ಸಾಕಷ್ಟಿದ್ದರೂ ರಾಯಚೂರು, ಬಳ್ಳಾರಿಯ ಕಲ್ಲಿದ್ದಲು ಸ್ಥಾವರಗಳನ್ನು ಬಿಟ್ಟು ನಡೆಯದು. 2023ರಿಂದ ಗೃಹಜ್ಯೋತಿ ಇದೆ, ತಿಂಗಳಿಗೆ 200 ಯೂನಿಟ್ ಒಳಗಿನ ಮನೆಗಳ ಬಿಲ್ಲನ್ನು ರಾಜ್ಯ ಸರ್ಕಾರ ಭರಿಸುತ್ತದೆ. ರೈತರ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗಳ ವಿದ್ಯುತ್ತೂ ಸರ್ಕಾರದ ಲೆಕ್ಕಕ್ಕೇ. ಹಾಗಾಗಿ ಇಂಗಾಲಕ್ಕೆ ಬೆಲೆ ಕಟ್ಟುವುದು ದೆಹಲಿ, ಅದರ ದೊಡ್ಡ ಪಾಲನ್ನು ತೆರುವುದು ವಿಧಾನಸೌಧ. ಆ ಹಣ ಶಾಲೆಯಿಂದ, ಆಸ್ಪತ್ರೆಯಿಂದ, ರಸ್ತೆಯಿಂದ ಕಡಿತವಾಗಿ ಬರಬೇಕು. 200ರ ಗೆರೆ ದಾಟಿದ ಮನೆಗೆ ಪೂರ್ತಿ ಬಿಲ್ ಬರುತ್ತದೆ. ಇಬ್ಬರು ದುಡಿಯುವ, ವಯಸ್ಸಾದವರೂ ಮಕ್ಕಳೂ ಇರುವ, ಬೇಸಿಗೆಯಲ್ಲಿ ಫ್ಯಾನ್ ನಿಲ್ಲಿಸಲಾಗದ ಕಲಬುರಗಿಯ ಮನೆ ಆ ಗೆರೆಯನ್ನು ಸುಲಭವಾಗಿ ದಾಟುತ್ತದೆ. ಹಿಟ್ಟಿನ ಗಿರಣಿ, ವಿದ್ಯುತ್ ಮಗ್ಗ, ಹೊಲಿಗೆ ಅಂಗಡಿಗಳು ತಮ್ಮ ಪಾಲನ್ನು ಗಿರಾಕಿಯ ಮೇಲೆ ಹಾಕದೆ ವಿಧಿಯಿಲ್ಲ.

ಇಂಗಾಲಕ್ಕೆ ಬೆಲೆ ಬೇಕು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಅದೇ ಕಲಬುರಗಿಯ ಬೇಸಿಗೆ ಇನ್ನಷ್ಟು ಸುಡದಿರಬೇಕಾದರೆ ಬೇಕು. ವಿದ್ಯುತ್ ವಲಯವನ್ನು ಯೋಜನೆಗೆ ಸೇರಿಸುವ ಮುನ್ನ ಹೊಗೆ ಬಿಡುವ ಪರ್ಮಿಟ್ಟುಗಳ ಒಂದು ಭಾಗವನ್ನು ಸರ್ಕಾರವೇ ಹರಾಜು ಹಾಕುವುದೆಂದು, ಆ ಹಣದಲ್ಲಿ ರಾಜ್ಯದ ಪಾಲು ಇಷ್ಟು, ಮನೆಗಳ ಪಾಲು ಇಷ್ಟು ಎಂದು ಕಾನೂನಿನಲ್ಲೇ ಬರೆಯಬೇಕು. ಅದು ಮರಳುವುದು ಸಹ ಕರೆಂಟ್ ಬಿಲ್ಲಿನಲ್ಲೇ, ಪ್ರತ್ಯೇಕ ಸಾಲಿನಲ್ಲಿ, ವಸೂಲಿಯ ಸಾಲಿನ ಪಕ್ಕದಲ್ಲೇ ಕಾಣಬೇಕು. ಈಗ ಎಸ್ಕಾಂಗಳ ಬಿಲ್ಲಿನಲ್ಲಿ ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚದ ಹೊಂದಾಣಿಕೆ ಎಂಬ ಸಾಲೊಂದಿದೆ. ಕಲ್ಲಿದ್ದಲಿನ ದರ, ಸಾಗಣೆ, ಹೊರಗಿನ ಖರೀದಿ ಎಲ್ಲದರ ಏರಿಳಿತ ಅದರೊಳಗೇ ಬೆರೆತುಹೋಗುತ್ತದೆ. ಇಂಗಾಲದ ವೆಚ್ಚವೂ ಸದ್ದಿಲ್ಲದೆ ಸೇರಿಕೊಳ್ಳಬಹುದಾದ ಜಾಗ ಅದೇ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ದರ ಪರಿಷ್ಕರಣೆಗೆ ಮುನ್ನ ಸಾರ್ವಜನಿಕ ವಿಚಾರಣೆ ನಡೆಸುತ್ತದೆ, ಯಾವ ಗ್ರಾಹಕನೂ ಲಿಖಿತ ಆಕ್ಷೇಪಣೆ ಸಲ್ಲಿಸಬಹುದು. ಇಂಗಾಲದ ವೆಚ್ಚವನ್ನು ಆ ಸಾಲಿನೊಳಗೆ ಬೆರೆಸಬಾರದೆಂಬ ಆಕ್ಷೇಪಣೆಯನ್ನು ಮುಂದಿನ ವಿಚಾರಣೆಯಲ್ಲೇ ದಾಖಲಿಸಲು ಗ್ರಾಹಕ ಸಂಘಟನೆಗಳು ಈಗಿನಿಂದಲೇ ಸಿದ್ಧವಾಗಲಿ.