ಕ್ಯಾರಲ್ ಸಂಜೆಗೆ ಇವರನ್ನೂ ಕರೆಯಿರಿ

ಡಿಸೆಂಬರ್ ಬಂತೆಂದರೆ ಆಳಂದ, ಅಫಜಲಪುರ, ಜೇವರ್ಗಿಯ ಹೊಲಗಳಲ್ಲಿ ತೊಗರಿ ರಾಶಿ, ಕಬ್ಬಿನ ಕಟಾವು. ಕೊಯ್ಲಿನಲ್ಲಿ ಹಾವಿನ ಭಯ, ರಾತ್ರಿ ರಸ್ತೆಯಲ್ಲಿ ಹಿಂದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರುಗಳ ಭಯ. 108 ಆಂಬುಲೆನ್ಸ್ ಬರುವವರೆಗೆ ಹೆಗಲ ಮೇಲಿನ ಟವೆಲನ್ನೇ ಗಾಯಕ್ಕೆ ಒತ್ತಿ ಹಿಡಿದು ಕೂರುವವರು ಊರಿನ ಹುಡುಗರು. ಹಾವು ಕಡಿದ ಕಾಲಿಗೆ ಹಗ್ಗ ಬಿಗಿಯಬೇಡಿ, ಬ್ಲೇಡು ಹಾಕಬೇಡಿ, ಅಲುಗಾಡಿಸದೆ ಆಸ್ಪತ್ರೆಗೆ ಒಯ್ಯಿರಿ ಎಂದು ತಿಳಿಹೇಳುವವರು ಆಶಾ ಕಾರ್ಯಕರ್ತೆಯರು. ಅಪಘಾತದಲ್ಲಿ ನೆರವಾದವರಿಗೆ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ರಕ್ಷಣೆ ಕೊಟ್ಟಿದೆ. ಆದರೂ ಪೊಲೀಸ್ ಕೇಸಿನ ಅಂಜಿಕೆ ಜನರನ್ನು ಬಿಟ್ಟಿಲ್ಲ. ದಾರಿಯಲ್ಲಿ ಬಿದ್ದವನನ್ನು ಎತ್ತಿಕೊಂಡ ಸಮಾರ್ಯದವನ ಕಥೆ ಚರ್ಚಿನ ಮಕ್ಕಳಿಗೂ ಗೊತ್ತು. ಈ ಕ್ರಿಸ್‌ಮಸ್ ಗೀತೆಗಳ ಸಂಜೆ ಇಂಥ ಹುಡುಗರನ್ನು, ಆಶಾ ಕಾರ್ಯಕರ್ತೆಯರನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಹೆಸರು ಹಿಡಿದು ಕರೆಯಿರಿ. ಶಾಲಿನ ಜತೆಗೆ ಬ್ಯಾಂಡೇಜು, ಕೈಗವಸು ತುಂಬಿದ ಪೆಟ್ಟಿಗೆಯನ್ನೂ ಕೊಡಿ.