ಕಳುವಾದ ನಿಮಿಷಗಳ ಬಗ್ಗೆ ಒಂದು ಮನವಿ ಪತ್ರ

ಬೆಂಗಳೂರು
ಅಕ್ಟೋಬರ್ 2025

ಇವರಿಗೆ,
ಇಂಟರ್‌ನ್ಯಾಷನಲ್ ಫುಟ್‌ಬಾಲ್ ಅಸೋಸಿಯೇಷನ್ ಬೋರ್ಡ್,
ಜ್ಯೂರಿಕ್, ಸ್ವಿಟ್ಜರ್ಲೆಂಡ್

ಇವರಿಂದ,
ಬೆಂಗಳೂರಿನ ಫುಟ್‌ಬಾಲ್ ಪ್ರೇಕ್ಷಕರು

ವಿಷಯ: ಪಂದ್ಯದ ಸಮಯವನ್ನು ಬೇಕೆಂದೇ ಹಾಳುಮಾಡುವ ತಂತ್ರಗಳಿಗೆ, ಸಣ್ಣದಾದರೂ ತಪ್ಪದೆ ಬೀಳುವ ಶಿಕ್ಷೆಯನ್ನು ನಿಯಮಗಳಲ್ಲಿ ಸೇರಿಸುವ ಕುರಿತು.

ಮಾನ್ಯರೇ,

ಪೆನಾಲ್ಟಿ ಕಿಕ್ ಅನ್ನು ಈ ಮಂಡಳಿ ನಿಯಮಕ್ಕೆ ಸೇರಿಸಿದ್ದು 1891ರಲ್ಲಿ. ಅದಕ್ಕೆ ಚಳ್ಳೆಹಣ್ಣು ತಿನ್ನಿಸುವ ದಾರಿಯನ್ನು ಒಬ್ಬ ಗೋಲ್‌ಕೀಪರ್ ಅದೇ ವರ್ಷ ಕಂಡುಕೊಂಡ. ಸ್ಟೋಕ್ ಮತ್ತು ಆಸ್ಟನ್ ವಿಲ್ಲಾ ನಡುವಿನ ಪಂದ್ಯ. ಒಂದು ಗೋಲಿನಿಂದ ಹಿಂದಿದ್ದ ಸ್ಟೋಕ್‌ಗೆ ಇನ್ನೆರಡೇ ನಿಮಿಷ ಇರುವಾಗ ಪೆನಾಲ್ಟಿ ಸಿಕ್ಕಿತು. ವಿಲ್ಲಾದ ಗೋಲ್‌ಕೀಪರ್ ಚೆಂಡನ್ನು ಮೈದಾನದಾಚೆಗೆ ಒದ್ದುಬಿಟ್ಟ. ಅದನ್ನು ಹುಡುಕಿ ತರುವಷ್ಟರಲ್ಲಿ ತೊಂಬತ್ತು ನಿಮಿಷ ಮುಗಿದಿತ್ತು, ಪಂದ್ಯವೂ ಮುಗಿದಿತ್ತು. ಪೆನಾಲ್ಟಿ ಒದೆಯುವ ತನಕ ಸಮಯವನ್ನು ವಿಸ್ತರಿಸಬೇಕೆಂಬ ನಿಯಮ ಬಂದದ್ದು ಅದಾದ ಮೇಲೆ. ಅಂದಿನಿಂದಲೂ ಆಟಗಾರ ಮುಂದೆ, ನಿಯಮ ಹಿಂದೆ.

ಮನವಿದಾರರು ಕಂಠೀರವ ಕ್ರೀಡಾಂಗಣದ ಗ್ಯಾಲರಿಯಲ್ಲಿ ಕೂರುವವರು. ಚಾಂಪಿಯನ್ಸ್ ಲೀಗ್ ನೋಡಲು ಚಳಿಗಾಲದಲ್ಲಿ ರಾತ್ರಿ ಒಂದೂವರೆಗೆ ಟಿವಿ ಹಾಕುವವರು. ಬೆಳಗ್ಗೆ ಕೆಲಸಕ್ಕೆ ಓಡಬೇಕಾದವರು ಮೂರು ಗಂಟೆಯ ಹೊತ್ತಿನಲ್ಲಿ, ಬಿಚ್ಚದ ಲೇಸನ್ನು ಬಿಚ್ಚಿ ಕಟ್ಟುವ ಗೋಲ್‌ಕೀಪರನ್ನು ನೋಡುತ್ತ ಕೂರುವ ಸಂಕಟ ಲಂಡನ್ನಿನ ಪ್ರೇಕ್ಷಕರಿಗೆ ಅಷ್ಟಾಗಿ ಅರ್ಥವಾಗಲಿಕ್ಕಿಲ್ಲ. ಹಾಗೆಂದು ಕಾಲ ಕಳೆಯುವ ಎಲ್ಲ ಬಗೆಯ ಮೇಲೂ ಮನವಿದಾರರ ದೂರಿಲ್ಲ. ಮುನ್ನಡೆಯಲ್ಲಿರುವ ತಂಡ ಕಾರ್ನರ್ ಬಾವುಟದ ಬಳಿ ಚೆಂಡಿಗೆ ಮೈ ಅಡ್ಡ ಕೊಟ್ಟು ನಿಂತರೆ ಅದೂ ಆಟವೇ. ಅಲ್ಲಿ ಚೆಂಡು ಜೀವಂತವಾಗಿದೆ, ಕಸಿದುಕೊಳ್ಳಲು ಎದುರಾಳಿಗೆ ಅವಕಾಶವಿದೆ. ದೂರೇನಿದ್ದರೂ ಚೆಂಡು ನಿಂತಾಗ ಕದಿಯುವ ಸಮಯದ ಬಗ್ಗೆ.

ಇದಕ್ಕೆ ನಿಯಮಗಳಿಲ್ಲ ಎಂದಲ್ಲ. ಥ್ರೋ-ಇನ್ ಎಸೆಯುವವನಂತೆ ನಟಿಸಿ ಚೆಂಡನ್ನು ಸಹ ಆಟಗಾರನಿಗೆ ಬಿಟ್ಟುಹೋಗುವುದು, ಚೆಂಡನ್ನು ಒದ್ದು ದೂರ ಕಳಿಸುವುದು, ಮತ್ತೆ ಒದೆಯಲು ಹೇಳಲಿ ಎಂದೇ ತಪ್ಪು ಜಾಗದಿಂದ ಫ್ರೀ ಕಿಕ್ ತೆಗೆಯುವುದು, ಇವೆಲ್ಲಕ್ಕೂ ಹನ್ನೆರಡನೆಯ ನಿಯಮದಲ್ಲಿ ಹಳದಿ ಕಾರ್ಡ್ ಇದೆ. ಬದಲಿ ಆಟಗಾರನಿಗೆ ಜಾಗ ಬಿಡುವವನು ಹತ್ತಿರದ ಗೆರೆ ದಾಟಿ ಹೊರಗೆ ಹೋಗಬೇಕು ಎಂದು 2019ರಲ್ಲಿ ತಿದ್ದುಪಡಿಯಾಯಿತು. ಅದಕ್ಕೆ ಮೊದಲು ಆತ ಸಿಕ್ಕಸಿಕ್ಕವರ ಕೈಕುಲುಕಿ, ನಾಲ್ಕೂ ಕಡೆ ಚಪ್ಪಾಳೆ ತಟ್ಟಿ, ಹೆಣ್ಣೊಪ್ಪಿಸುವ ಶಾಸ್ತ್ರದಷ್ಟು ನಿಧಾನವಾಗಿ ಬೀಳ್ಕೊಳ್ಳುತ್ತಿದ್ದ. ಆ ತಿದ್ದುಪಡಿಗಾಗಿ ಮಂಡಳಿಗೆ ಕೃತಜ್ಞತೆ ಸಲ್ಲಬೇಕು.

ಕೊರತೆ ಇರುವುದು ಶಿಕ್ಷೆಯ ಅಳತೆಯಲ್ಲಿ.

ಗೋಲ್‌ಕೀಪರ್‌ಗಳ ಚರಿತ್ರೆಯನ್ನೇ ನೋಡಬಹುದು. 1990ರ ಇಟಲಿ ವಿಶ್ವಕಪ್‌ನಲ್ಲಿ ಈಜಿಪ್ಟ್ ವಿರುದ್ಧದ ಪಂದ್ಯದಲ್ಲಿ ಐರ್ಲೆಂಡಿನ ಪ್ಯಾಕಿ ಬಾನರ್ ಸುಮಾರು ಆರು ನಿಮಿಷ ಚೆಂಡನ್ನು ತಮ್ಮ ಬಳಿಯೇ ಇಟ್ಟುಕೊಂಡಿದ್ದರು ಎನ್ನುವುದು ಆ ಬೇಸರದ ಟೂರ್ನಿಯ ಗುರುತಾಗಿ ಉಳಿದಿದೆ. ಸಹ ಆಟಗಾರ ಕಾಲಿನಿಂದ ಹಿಂದಕ್ಕೆ ಕೊಟ್ಟ ಚೆಂಡನ್ನು ಕೀಪರ್ ಕೈಯಲ್ಲಿ ಮುಟ್ಟಬಾರದು ಎಂಬ ನಿಯಮ 1992ರಲ್ಲಿ ಬಂತು. ಆಟದ ವೇಗವೇ ಬದಲಾಯಿತು. ಆಮೇಲೆ ಬಂದದ್ದು ಆರು ಸೆಕೆಂಡಿನ ನಿಯಮ. ಅದರ ಗತಿ ಬೇರೆ. ಆರು ಸೆಕೆಂಡ್ ಮೀರಿ ಚೆಂಡು ಹಿಡಿದರೆ ಪೆನಾಲ್ಟಿ ಪ್ರದೇಶದ ಒಳಗೇ ಎದುರಾಳಿಗೆ ಇನ್‌ಡೈರೆಕ್ಟ್ ಫ್ರೀ ಕಿಕ್ ಕೊಡಬೇಕಿತ್ತು. ಗೋಲಿನ ಮುಂದೆ ಹನ್ನೊಂದು ಜನ ಗೋಡೆ ಕಟ್ಟಿ ನಿಲ್ಲುವ ಆ ರಾದ್ಧಾಂತಕ್ಕೆ ಯಾವ ರೆಫರಿ ಮನಸ್ಸು ಮಾಡುತ್ತಾನೆ? ಹಾಗಾಗಿ ಆರು ಎಂದು ಪುಸ್ತಕದಲ್ಲಿ ಬರೆದದ್ದು ಮೈದಾನದಲ್ಲಿ ಹನ್ನೆರಡಾಯಿತು, ಹದಿನೈದಾಯಿತು.

ಒಬ್ಬರು ಮನಸ್ಸು ಮಾಡಿದರು. 2012ರ ಲಂಡನ್ ಒಲಿಂಪಿಕ್ಸ್, ಆಗಸ್ಟ್ 6, ಓಲ್ಡ್ ಟ್ರಾಫರ್ಡ್‌ನಲ್ಲಿ ಮಹಿಳೆಯರ ಸೆಮಿಫೈನಲ್. ಅಮೆರಿಕದ ವಿರುದ್ಧ ಕೆನಡಾ 3-2ರಿಂದ ಮುಂದಿತ್ತು. ಕೆನಡಾದ ಕೀಪರ್ ಎರಿನ್ ಮೆಕ್‌ಲಿಯಾಡ್ ಚೆಂಡು ಹಿಡಿದಾಗಲೆಲ್ಲ ಅಮೆರಿಕದ ಆ್ಯಬಿ ವಾಂಬಾಕ್ ರೆಫರಿಯ ಕಿವಿಗೆ ಬೀಳುವಂತೆ ಸೆಕೆಂಡುಗಳನ್ನು ಎಣಿಸುತ್ತಿದ್ದರು. ಕೊನೆಗೆ ನಾರ್ವೆಯ ರೆಫರಿ ಕ್ರಿಸ್ಟಿನಾ ಪೆಡರ್ಸನ್ ಸೀಟಿ ಊದಿದರು. ಆ ಫ್ರೀ ಕಿಕ್ ಕೆನಡಾ ಆಟಗಾರ್ತಿಯ ತೋಳಿಗೆ ಬಡಿದು ಪೆನಾಲ್ಟಿಯಾಯಿತು. ವಾಂಬಾಕ್ ಗೋಲು ಹೊಡೆದು ಸಮ ಮಾಡಿದರು. 123ನೇ ನಿಮಿಷದಲ್ಲಿ ಅಲೆಕ್ಸ್ ಮಾರ್ಗನ್ ಗೆಲುವು ತಂದರು. ಪುಸ್ತಕದ ಪ್ರಕಾರ ಪೆಡರ್ಸನ್ ಮಾಡಿದ್ದು ಸರಿ. ಆದರೆ ಯಾರೂ ಜಾರಿ ಮಾಡದ ನಿಯಮವನ್ನು ಸೆಮಿಫೈನಲ್‌ನಲ್ಲಿ ಒಮ್ಮೆ ಮಾತ್ರ ಜಾರಿ ಮಾಡಿದರೆ ಅದು ನ್ಯಾಯದಂತೆ ಕಾಣುವುದಿಲ್ಲ. ಕೆನಡಾದವರ ಸಿಟ್ಟು ಇನ್ನೂ ಆರಿಲ್ಲದಿದ್ದರೆ ಆಶ್ಚರ್ಯವಿಲ್ಲ.

ಮಂಡಳಿ ಇದರಿಂದ ಪಾಠ ಕಲಿತಿದೆ. ಮಿತಿಯನ್ನು ಎಂಟು ಸೆಕೆಂಡಿಗೆ ಏರಿಸಿ, ಶಿಕ್ಷೆಯನ್ನು ಕಾರ್ನರ್ ಕಿಕ್‌ಗೆ ಇಳಿಸಿ, ಕೊನೆಯ ಐದು ಸೆಕೆಂಡುಗಳನ್ನು ರೆಫರಿ ಕೈ ಎತ್ತಿ ಬೆರಳಿನಲ್ಲಿ ಎಣಿಸಬೇಕೆಂದು ಈ ವರ್ಷ ಬೆಲ್‌ಫಾಸ್ಟ್ ಸಭೆಯಲ್ಲಿ ತೀರ್ಮಾನವಾಯಿತು. ಇಂಗ್ಲೆಂಡ್, ಇಟಲಿ, ಮಾಲ್ಟಾಗಳಲ್ಲಿ ನಡೆದ ಪ್ರಯೋಗದಲ್ಲಿ ಶಿಕ್ಷೆ ಕೊಡಬೇಕಾಗಿ ಬಂದದ್ದು ಬೆರಳೆಣಿಕೆಯಷ್ಟು ಸಲ. ಬೆರಳುಗಳು ಕಂಡೊಡನೆ ಕೀಪರ್‌ಗಳು ಚೆಂಡು ಬಿಡುತ್ತಾರೆ. ಮನವಿದಾರರ ಬೇಡಿಕೆಗಳೆಲ್ಲ ಈ ಒಂದು ಯಶಸ್ಸನ್ನು ಆಟದ ಉಳಿದ ಮೂಲೆಗಳಿಗೆ ಹಬ್ಬಿಸಬೇಕೆಂಬುದೇ.

ಮೊದಲ ಬೇಡಿಕೆ ಥ್ರೋ-ಇನ್ ಮತ್ತು ಗೋಲ್ ಕಿಕ್ ಬಗ್ಗೆ. ಇಲ್ಲೂ ರೆಫರಿ ಕೈ ಎತ್ತಿ ಎಣಿಸಲಿ. ಎಣಿಕೆ ಮುಗಿದರೆ ಥ್ರೋ-ಇನ್ ಎದುರಾಳಿಗೆ ಹೋಗಲಿ, ಗೋಲ್ ಕಿಕ್ ಎದುರಾಳಿಯ ಕಾರ್ನರ್ ಆಗಲಿ. ಕಬಡ್ಡಿಯಲ್ಲಿ ದಾಳಿಗೆ ಮೂವತ್ತೇ ಸೆಕೆಂಡ್. ಅದು ಕ್ರೂರವೆಂದು ಯಾರೂ ಅಂದಿಲ್ಲ. ಫುಟ್‌ಬಾಲಿನ ತಮ್ಮನಾದ ಫುಟ್ಸಾಲ್‌ನಲ್ಲಿ ಕಿಕ್-ಇನ್ ತೆಗೆಯಲು ನಾಲ್ಕೇ ಸೆಕೆಂಡ್ ಇದೆ.

ಚೆಂಡನ್ನು ಒದ್ದು ದೂರ ಮಾಡುವ ಅಪರಾಧಕ್ಕೆ ಹಳದಿ ಕಾರ್ಡ್ ಎಂಬುದು ಲಾಟರಿಯಂತಾಗಿದೆ. 2024ರ ಆಗಸ್ಟ್ ಕೊನೆಯಲ್ಲಿ ಬ್ರೈಟನ್ ವಿರುದ್ಧ ಚೆಂಡನ್ನು ಕಾಲಿನಿಂದ ತುಸು ಸರಿಸಿದ್ದಕ್ಕೆ ಆರ್ಸೆನಲ್‌ನ ಡೆಕ್ಲನ್ ರೈಸ್ ಎರಡನೇ ಹಳದಿ ಕಂಡು ಹೊರನಡೆದರು. ಅದೇ ಪಂದ್ಯದಲ್ಲಿ ಬ್ರೈಟನ್‌ನ ಜೊವಾವೊ ಪೆಡ್ರೊ ಚೆಂಡನ್ನು ಜೋರಾಗಿ ಒದ್ದು ಕಳಿಸಿದಾಗ ಕಾರ್ಡ್ ಹೊರಬರಲಿಲ್ಲ. ಮುಂದಿನ ತಿಂಗಳು ಮ್ಯಾಂಚೆಸ್ಟರ್ ಸಿಟಿ ವಿರುದ್ಧ ಲಿಯಾಂಡ್ರೊ ಟ್ರೊಸಾರ್ಡ್ ಇದೇ ತಪ್ಪಿಗೆ ಹೊರಬಿದ್ದರು. ಅದಕ್ಕಿಂತ ವಿಚಿತ್ರವಾದದ್ದು 2010ರ ನವೆಂಬರ್‌ನಲ್ಲಿ ನಡೆದಿದೆ. ಆ್ಯಜಾಕ್ಸ್ ವಿರುದ್ಧ 4-0ರಿಂದ ಮುಂದಿದ್ದ ರಿಯಲ್ ಮ್ಯಾಡ್ರಿಡ್‌ನ ಶಾಬಿ ಅಲೊನ್ಸೊ ಮತ್ತು ಸೆರ್ಜಿಯೊ ರಾಮೋಸ್ ಬೇಕೆಂದೇ ಸಮಯ ಹಾಳುಮಾಡಿ ಎರಡನೇ ಹಳದಿ ಗಿಟ್ಟಿಸಿಕೊಂಡರು. ಮಹತ್ವವಿಲ್ಲದ ಮುಂದಿನ ಪಂದ್ಯವೊಂದನ್ನು ಕಳೆದುಕೊಂಡು, ನಾಕೌಟ್ ಹಂತಕ್ಕೆ ಕಾರ್ಡುಗಳ ಹೊರೆಯಿಲ್ಲದೆ ಹೋಗುವ ಲೆಕ್ಕಾಚಾರ ಅದು. ಯೂರೋಪಿನ ಫುಟ್‌ಬಾಲ್ ಒಕ್ಕೂಟ ಕೋಚ್ ಜೋಸೆ ಮೌರಿನ್ಯೊ ಅವರನ್ನೂ ಆಟಗಾರರನ್ನೂ ದಂಡಿಸಿತು. ಶಿಕ್ಷೆಯನ್ನೇ ಬಹುಮಾನವಾಗಿ ಬಳಸುವವರ ಮುಂದೆ ಕಾರ್ಡ್ ಏನು ಮಾಡೀತು? ಆದ್ದರಿಂದ ಚೆಂಡು ಒದ್ದವನ ತಂಡದ ವಿರುದ್ಧದ ಫ್ರೀ ಕಿಕ್ ಅನ್ನು ಹತ್ತು ಗಜ ಮುಂದಕ್ಕೆ ಒಯ್ಯುವ ಕ್ರಮವನ್ನು ಮತ್ತೆ ಪರಿಶೀಲಿಸಬೇಕು. ಇಂಗ್ಲೆಂಡಿನಲ್ಲಿ ಇಂಥ ಪ್ರಯೋಗ ನಡೆದು 2005ರಲ್ಲಿ ಕೈಬಿಟ್ಟದ್ದು ಮನವಿದಾರರಿಗೆ ತಿಳಿದಿದೆ. ಗೋಲಿಗೆ ತೀರ ಹತ್ತಿರವಾದರೆ ಒದೆಯುವವನಿಗೆ ಲಾಭವಿಲ್ಲ ಎನ್ನುವುದಾದರೆ, ಮುಂದೆ ಒಯ್ಯುವುದನ್ನು ಆ ತಂಡದ ಇಚ್ಛೆಗೆ ಬಿಡಬಹುದು.

ಇಲ್ಲಿ ಕಂಠೀರವದ ಒಂದು ಸಂಜೆಯನ್ನು ನೆನಪಿಸಬೇಕು. 2023ರ ಮಾರ್ಚ್ 3ರಂದು ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಪ್ಲೇಆಫ್‌ನ ಹೆಚ್ಚುವರಿ ಅವಧಿಯಲ್ಲಿ, ಎದುರಾಳಿ ಗೋಡೆ ಕಟ್ಟುವ ಮೊದಲೇ ಬೆಂಗಳೂರು ಎಫ್‌ಸಿಯ ಸುನಿಲ್ ಛೆತ್ರಿ ಫ್ರೀ ಕಿಕ್ ಒದ್ದು ಗೋಲು ಮಾಡಿದರು. ಕೇರಳ ಬ್ಲಾಸ್ಟರ್ಸ್ ತಂಡ ಮೈದಾನ ಬಿಟ್ಟು ನಡೆಯಿತು; ಆಮೇಲೆ ನಾಲ್ಕು ಕೋಟಿ ರೂಪಾಯಿ ದಂಡ ತೆರಬೇಕಾಯಿತು. ಬೆಂಗಳೂರಿನವರು ಈ ವಿಷಯದಲ್ಲಿ ನಿಷ್ಪಕ್ಷಪಾತಿಗಳಲ್ಲ, ಒಪ್ಪಿಕೊಳ್ಳೋಣ. ಆದರೂ ತಡಮಾಡುವುದು ಎಷ್ಟು ವಾಡಿಕೆಯಾಗಿದೆಯೆಂದರೆ, ಬೇಗ ಆಡಿದವನೇ ಮೋಸಗಾರನಂತೆ ಕಂಡ.

ಗಾಯದ ವಿಷಯ ನಾಜೂಕಿನದು. 2021ರ ಜೂನ್‌ನಲ್ಲಿ ಕೋಪನ್‌ಹೇಗನ್‌ನಲ್ಲಿ ಕ್ರಿಸ್ಟಿಯನ್ ಎರಿಕ್ಸನ್ ಹೃದಯ ಸ್ತಂಭಿಸಿ ಕುಸಿದದ್ದನ್ನು ನೋಡಿದವರು ಬಿದ್ದ ಆಟಗಾರನನ್ನು ಬೇಗ ಎಬ್ಬಿಸಿ ಎಂದು ಹೇಳಲಾರರು. 2002ರ ವಿಶ್ವಕಪ್‌ನಲ್ಲಿ ಟರ್ಕಿಯ ಆಟಗಾರ ಒದ್ದ ಚೆಂಡು ತೊಡೆಗೆ ತಾಗಿದಾಗ ಮುಖ ಹಿಡಿದು ಉರುಳಿದ ರಿವಾಲ್ಡೊ ಅವರನ್ನು ನೋಡಿದವರೂ ಇವರೇ. 2018ರಲ್ಲಿ ನೇಮರ್ ನಾಲ್ಕು ಪಂದ್ಯಗಳಲ್ಲಿ ಸುಮಾರು 14 ನಿಮಿಷ ನೆಲದ ಮೇಲಿದ್ದರೆಂದು ಸ್ವಿಸ್ ಟಿವಿಯೊಂದು ಲೆಕ್ಕ ಹಾಕಿತ್ತು. ಚಿಕಿತ್ಸೆ ಪಡೆದ ಆಟಗಾರ ಹೊರಹೋಗಬೇಕೆಂಬ ನಿಯಮದಿಂದ ಗೋಲ್‌ಕೀಪರ್‌ಗೆ ವಿನಾಯಿತಿ ಇದೆ, ಇರಲೇಬೇಕು. ಕೋಚ್‌ಗಳು ಹಿಡಿದಿರುವುದು ಆ ವಿನಾಯಿತಿಯನ್ನೇ. ಕೀಪರ್ ಕೂತುಬಿಡುತ್ತಾನೆ, ಉಳಿದ ಹತ್ತು ಮಂದಿ ಗೆರೆಯ ಬಳಿ ಓಡಿ ಪಾಠ ಹೇಳಿಸಿಕೊಳ್ಳುತ್ತಾರೆ, ಪಾಠ ಮುಗಿದಾಗ ಕೀಪರ್ ವಾಸಿಯಾಗುತ್ತಾನೆ. ಗಾಯ ನಿಜವೋ ಸುಳ್ಳೋ ಎಂದು ರೆಫರಿ ತೀರ್ಮಾನಿಸುವುದು ಬೇಡ. ಎದುರಾಳಿಯ ತಪ್ಪಿನಿಂದಾದ ಗಾಯ ಮತ್ತು ತಲೆಯ ಗಾಯವನ್ನು ಬಿಟ್ಟು, ಕೀಪರ್‌ಗೆ ಚಿಕಿತ್ಸೆಯಾದಾಗಲೆಲ್ಲ ಅದೇ ತಂಡದ ಮತ್ತೊಬ್ಬ ಆಟಗಾರ ಆಟ ಶುರುವಾದ ಮೇಲೆ ಒಂದು ನಿಮಿಷ ಹೊರಗಿರಲಿ. ಚಿಕಿತ್ಸೆಯ ಹೊತ್ತಿನಲ್ಲಿ ಕೋಚ್ ಬಳಿ ಗುಂಪು ಸೇರುವುದನ್ನೂ ನಿಷೇಧಿಸಲಿ.

ಚೆಂಡು ಕೊಡಲು ತಡಮಾಡುವ ಬಾಲ್ ಬಾಯ್‌ಗಳಿಗೆ ರೆಫರಿ ಕಾರ್ಡ್ ತೋರಿಸುವಂತಿಲ್ಲ, ತೋರಿಸಬಾರದು ಕೂಡ. 2013ರ ಜನವರಿಯಲ್ಲಿ ಸ್ವಾನ್‌ಸಿಯಲ್ಲಿ ಲೀಗ್ ಕಪ್ ಸೆಮಿಫೈನಲ್ ನಡೆದಾಗ, ಚೆಂಡನ್ನು ಮೈಯಡಿ ಅವುಚಿಕೊಂಡ 17 ವರ್ಷದ ಹುಡುಗನಿಂದ ಅದನ್ನು ಒದ್ದು ಬಿಡಿಸಲು ಹೋಗಿ ಚೆಲ್ಸಿಯ ಎಡೆನ್ ಹಜಾರ್ಡ್ ಕೆಂಪು ಕಾರ್ಡ್ ಕಂಡರು, ಮೂರು ಪಂದ್ಯ ಹೊರಗುಳಿದರು. ಹಜಾರ್ಡ್ ಮಾಡಿದ್ದಕ್ಕೆ ಸಮರ್ಥನೆಯಿಲ್ಲ. ಆದರೆ ಚೆಂಡು ತಡವಾಗುವುದರಿಂದ ಲಾಭವಾಗುವುದು ಆತಿಥೇಯ ತಂಡಕ್ಕೆ, ಹೊಣೆಯೂ ಅದರದೇ ಆಗಬೇಕು. ಗೆರೆಯುದ್ದಕ್ಕೂ ಚೆಂಡುಗಳನ್ನು ಇಟ್ಟು ಆಟಗಾರರೇ ಎತ್ತಿಕೊಳ್ಳುವ ವ್ಯವಸ್ಥೆಯನ್ನು ದೊಡ್ಡ ಟೂರ್ನಿಗಳಲ್ಲಿ ಕಡ್ಡಾಯ ಮಾಡಿದರೆ ಹುಡುಗರನ್ನು ಈ ರಗಳೆಯಿಂದ ಪಾರುಮಾಡಬಹುದು.

ಇನ್ನು ಇಂಜುರಿ ಟೈಮ್. 2022ರ ಕತಾರ್ ವಿಶ್ವಕಪ್‌ನಲ್ಲಿ ಫಿಫಾ ರೆಫರಿಗಳ ಮುಖ್ಯಸ್ಥ ಪಿಯರ್‌ಲೂಯಿಜಿ ಕೊಲಿನಾ ಅವರ ಸೂಚನೆಯಂತೆ ಕಳೆದ ಸಮಯವನ್ನು ಕಟ್ಟುನಿಟ್ಟಾಗಿ ಸೇರಿಸಿದರು. ಇಂಗ್ಲೆಂಡ್-ಇರಾನ್ ಪಂದ್ಯದ ಮೊದಲರ್ಧಕ್ಕೇ 14 ನಿಮಿಷ ಸೇರಿತು. ಆಮೇಲೆ ಹಲವು ಲೀಗ್‌ಗಳಲ್ಲಿ ಆ ಉತ್ಸಾಹ ಇಳಿಯಿತು. ಮಂಡಳಿಯೇ 2017ರಲ್ಲಿ ಚರ್ಚೆಗಿಟ್ಟ, ಚೆಂಡು ನಿಂತಾಗ ಗಡಿಯಾರವನ್ನೂ ನಿಲ್ಲಿಸಿ ಅರವತ್ತು ನಿಮಿಷ ಆಡಿಸುವ ಸಲಹೆಯನ್ನು ಮನವಿದಾರರು ಈಗಲೇ ಕೇಳುತ್ತಿಲ್ಲ; ಅವರಲ್ಲೇ ಆ ಬಗ್ಗೆ ಜಗಳವಿದೆ. ಕೇಳುತ್ತಿರುವುದು ಇಷ್ಟು: ನಾಲ್ಕನೇ ಅಧಿಕಾರಿ ಬೋರ್ಡ್ ಎತ್ತಿದಾಗ ಗಾಯಕ್ಕೆ ಎಷ್ಟು, ಬದಲಾವಣೆಗೆ ಎಷ್ಟು, ವಿಎಆರ್‌ಗೆ ಎಷ್ಟು, ಕಾಲಹರಣಕ್ಕೆ ಎಷ್ಟು ಎಂಬ ಲೆಕ್ಕ ಮೈದಾನದ ಪರದೆಯ ಮೇಲೂ ಬರಲಿ.

48 ತಂಡಗಳ ವಿಶ್ವಕಪ್ ಮುಂದಿನ ಜೂನ್‌ನಲ್ಲಿ ಆರಂಭವಾಗುತ್ತದೆ. ಮಂಡಳಿಯ ಎಂಟು ಮತಗಳಲ್ಲಿ ಆರು ಬಿದ್ದರೆ ನಿಯಮ ಬದಲಾಗುತ್ತದೆ. ಮೇಲಿನ ಬೇಡಿಕೆಗಳನ್ನು 2026ರ ವಾರ್ಷಿಕ ಸಭೆಯ ಕಾರ್ಯಸೂಚಿಗೆ ಸೇರಿಸಬೇಕು ಮತ್ತು ಒಪ್ಪಲಾಗದವುಗಳಿಗೆ ಕಾರಣವನ್ನು ಬಹಿರಂಗವಾಗಿ ತಿಳಿಸಬೇಕು ಎಂದು ಕೋರಲಾಗಿದೆ.

ಇಂತಿ ತಮ್ಮ ವಿಶ್ವಾಸಿಗಳು,
ಬೆಂಗಳೂರಿನ ಫುಟ್‌ಬಾಲ್ ಪ್ರೇಕ್ಷಕರ ಪರವಾಗಿ

ಪ್ರತಿ: ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟ, ನವದೆಹಲಿ; ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆ, ಬೆಂಗಳೂರು