ರಸ್ತೆ ಬದಿಯ ಎಕ್ಕಕ್ಕೆ ಕತ್ತಿ ಹಾಕುವ ಮುನ್ನ

ಚಿಟ್ಟೆ ನೋಡಬೇಕಾದರೆ ಆಗುಂಬೆಗೆ ಹೋಗಬೇಕು, ಕುದುರೆಮುಖಕ್ಕೆ ಹೋಗಬೇಕು, ಅದೂ ಮಳೆ ಬಿಟ್ಟ ಮೇಲೆಯೇ ಹೋಗಬೇಕು ಎಂಬುದು ಮಂಗಳೂರಿನ ಕ್ಯಾಮೆರಾದವರ ನಂಬಿಕೆ. ನನ್ನ ಕೆಲಸ ಇರುವುದು ಪಣಂಬೂರಿನಲ್ಲಿ. ಬಂದರಿನಿಂದ ಸರಕು ಸಾಗಿಸುವ ಒಂದು ಟ್ರಾನ್ಸ್‌ಪೋರ್ಟ್ ಕಚೇರಿಯಲ್ಲಿ ಲಾರಿಗಳ ಲೆಕ್ಕ ಬರೆಯುವವ ನಾನು. ಹತ್ತಿರದಲ್ಲೇ ಗೊಬ್ಬರದ ಕಾರ್ಖಾನೆ, ಅದಿರನ್ನು ಉಂಡೆ ಕಟ್ಟುವ ಕಾರ್ಖಾನೆ, ನಡುವೆ ರಾಷ್ಟ್ರೀಯ ಹೆದ್ದಾರಿ 66. ಮಧ್ಯಾಹ್ನದೊಳಗೆ ಶರ್ಟಿನ ಕಾಲರಿಗೆ ಕಲ್ಲಿದ್ದಲಿನ ದೂಳು ಹಿಡಿಯುವ ಜಾಗ. ಬಿಸುವಿನಿಂದ ಪತ್ತನಾಜೆಯವರೆಗೆ, ಅಂದರೆ ಏಪ್ರಿಲ್ ನಡುವಿನಿಂದ ಮೇ ಕೊನೆಯವರೆಗೆ, ಇಲ್ಲಿ ಚಿಟ್ಟೆ ಸಿಗುವಷ್ಟು ಸುಲಭವಾಗಿ ನನಗೆ ಘಟ್ಟದ ಕಾಡಿನಲ್ಲಿ ಸಿಕ್ಕಿಲ್ಲ.

ಅದಕ್ಕೆ ಕಾರಣ ಉಂಟು. ಕಾಡಿನಲ್ಲಿ ಅರ್ಧ ಚಿಟ್ಟೆಗಳು ಮರದ ನೆತ್ತಿಯಲ್ಲಿ ಹಾರುತ್ತವೆ, ಕೆಳಗೆ ನಿಂತವನಿಗೆ ಕುತ್ತಿಗೆ ನೋವು ಮಾತ್ರ. ಪಣಂಬೂರಿನಲ್ಲಿ ಮರವೇ ಕಡಿಮೆ. ಬಂದರು ಕಟ್ಟಲು ಹಳೆಯ ಊರನ್ನೇ ಎಬ್ಬಿಸಿ ಜನರನ್ನು ಕಾಟಿಪಳ್ಳ, ಕೃಷ್ಣಾಪುರದ ಕಡೆಗೆ ಕಳಿಸಿದರು. 1974ರಲ್ಲಿ ಅದು ಪ್ರಮುಖ ಬಂದರು ಎಂದು ಘೋಷಣೆಯಾಯಿತು. ಅಗೆದು ತುಂಬಿದ ಹೊಯಿಗೆಯ ಮೇಲೆ ಯಾರೂ ನೆಡದೆ, ನೀರು ಹಾಕದೆ ಬಂದು ನಿಂತದ್ದು ಎಕ್ಕದ ಗಿಡ. ಬಿರುಬೇಸಿಗೆಯಲ್ಲಿ ಸುತ್ತಲಿನ ಹುಲ್ಲೆಲ್ಲ ಒಣಗಿ ಕಡ್ಡಿಯಾದಾಗಲೂ ಎಕ್ಕ ಹಸಿರಾಗಿ ಹೂ ಬಿಟ್ಟಿರುತ್ತದೆ. ಹಾಗಾಗಿ ಸೊಂಟದೆತ್ತರದಲ್ಲೇ ಎಲ್ಲ ವ್ಯವಹಾರ. ಲಾರಿ ತೂಕಕ್ಕೆ ನಿಂತಿರುವ ಹೊತ್ತಿನಲ್ಲಿ ನಾನು ಎಕ್ಕದ ಬಳಿ ಬಗ್ಗಿ ನಿಂತರೆ ಕಚೇರಿಯವರು ಕೇಳುತ್ತಾರೆ, "ಎಂತ ಮಾರಾಯ್ರೆ, ಮೂರನೇ ಮದುವೆಯಾ?" ಎರಡು ಹೆಂಡಿರನ್ನು ಕಳೆದುಕೊಂಡವನಿಗೆ ಮೊದಲು ಎಕ್ಕದ ಗಿಡಕ್ಕೆ ತಾಳಿ ಕಟ್ಟಿಸುತ್ತಿದ್ದ ಹಳೆಯ ಶಾಸ್ತ್ರದ ಮೇಲಿನ ತಮಾಷೆ ಅದು.

ಎಕ್ಕದಲ್ಲಿ ಮೊದಲು ಕಾಣುವುದು ಪ್ಲೇನ್ ಟೈಗರ್. ಕಿತ್ತಳೆ ಕೆಂಪು ರೆಕ್ಕೆ, ಕಪ್ಪು ಅಂಚು, ತುದಿಯಲ್ಲಿ ಬಿಳಿ ಪಟ್ಟಿ. ಆಫ್ರಿಕದಿಂದ ಏಷ್ಯಾದುದ್ದಕ್ಕೂ ಇರುವ ಈ ಚಿಟ್ಟೆಯನ್ನು 3,000ಕ್ಕೂ ಹೆಚ್ಚು ವರ್ಷಗಳ ಹಿಂದೆ ಈಜಿಪ್ಟಿನಲ್ಲಿ ನೆಬಾಮುನ್ ಎಂಬ ಅಧಿಕಾರಿಯ ಗೋರಿಯ ಗೋಡೆಯ ಮೇಲೆ ಬರೆದಿದ್ದಾರೆ. ಈಗ ಆ ಚಿತ್ರ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಅಂಥ ಮರ್ಯಾದೆಯ ಪ್ರಾಣಿ ಪಣಂಬೂರಿನ ಲಾರಿ ಮೈದಾನದಲ್ಲಿ ಟಯರಿನ ಪಕ್ಕ ಹಾರುತ್ತಿರುತ್ತದೆ. ಹೆಣ್ಣು ಎಲೆಯಡಿಗೆ ಒಂದೊಂದೇ ಮೊಟ್ಟೆ ಅಂಟಿಸುತ್ತದೆ. ಹುಳುವಿನ ಮೈಮೇಲೆ ಕಪ್ಪು, ಬಿಳಿ, ಹಳದಿ ಪಟ್ಟೆಗಳು. ಅದು ತಿನ್ನುವ ಎಕ್ಕದ ಹಾಲಿನಲ್ಲಿ ಹೃದಯಕ್ಕೆ ನಾಟುವ ವಿಷವುಂಟು. ಹುಳು ಆ ವಿಷವನ್ನು ಮೈಯಲ್ಲೇ ಇಟ್ಟುಕೊಂಡು ಚಿಟ್ಟೆಯಾದ ಮೇಲೂ ಹೊತ್ತು ತಿರುಗುತ್ತದೆ. ಒಮ್ಮೆ ಕಚ್ಚಿ ನೋಡಿದ ಹಕ್ಕಿ ಮತ್ತೆ ಆ ಬಣ್ಣದ ಗೊಡವೆಗೆ ಹೋಗುವುದಿಲ್ಲ. ಇದರ ಲಾಭ ಪಡೆಯುವವರೂ ಇದ್ದಾರೆ. ವಿಷವೇ ಇಲ್ಲದ ಡಾನೈಡ್ ಎಗ್‌ಫ್ಲೈ ಎಂಬ ಇನ್ನೊಂದು ಚಿಟ್ಟೆಯ ಹೆಣ್ಣು, ನೋಡಲು ಥೇಟ್ ಪ್ಲೇನ್ ಟೈಗರ್. ಅದರ ಗಂಡು ಮಾತ್ರ ಕಪ್ಪು ರೆಕ್ಕೆಯ ಮೇಲೆ ದೊಡ್ಡ ಬಿಳಿ ಬೊಟ್ಟು ಇಟ್ಟುಕೊಂಡು ತನ್ನ ಪಾಡಿಗೆ ತಾನಿರುತ್ತದೆ. ಹೆಣ್ಣಿಗೆ ಬೇಕಾದ ಕಾವಲು ಗಂಡಿಗೆ ಯಾಕೆ ಬೇಡವಾಯಿತು ಎಂಬುದು ಮದುವೆ ಮನೆಯಲ್ಲಿ ಚರ್ಚೆ ಮಾಡಬಹುದಾದ ವಿಷಯ.

ನಮ್ಮ ಸೆಕೆಯಲ್ಲಿ ಮೊಟ್ಟೆಯೊಂದು ಚಿಟ್ಟೆಯಾಗಲು ಸುಮಾರು 3–4 ವಾರ ಸಾಕು. ಈ ಲೆಕ್ಕ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಎಕ್ಕದ ನಡುವೆ ಹಳದಿ ಹೂವಿನ ಇನ್ನೊಂದು ಗಿಡವುಂಟು. ಒಣಗಿದ ಕಾಯಿ ಅಲ್ಲಾಡಿಸಿದರೆ ಗಿಲಿಗಿಲಿ ಸದ್ದು ಬರುತ್ತದೆ, ಮಕ್ಕಳು ಕಿತ್ತು ಆಡುತ್ತಾರೆ. ಸೆಣಬಿನ ಜಾತಿಯದು. ಇದರ ಬಾಡಿದ ಎಲೆ, ಕಾಯಿಗಳಿಗೆ ಬ್ಲೂ ಟೈಗರ್, ಡಾರ್ಕ್ ಬ್ಲೂ ಟೈಗರ್, ಕಾಮನ್ ಕ್ರೋ ಚಿಟ್ಟೆಗಳು ಮುತ್ತಿಕೊಳ್ಳುತ್ತವೆ. ಬಹುಪಾಲು ಗಂಡುಗಳು. ಕಾಲಿನಿಂದ ಕೆರೆದು, ಸೊಂಡಿಲಿನಿಂದ ಹೀರಿ, ಗಿಡದ ಕಹಿ ರಾಸಾಯನಿಕವನ್ನು ಒಳಗೆಳೆದುಕೊಂಡು, ಅದರಿಂದಲೇ ಹೆಣ್ಣನ್ನು ಒಲಿಸುವ ವಾಸನೆ ತಯಾರಿಸುತ್ತವೆ. ಈ ಕೆಲಸದಲ್ಲಿ ಮುಳುಗಿದ ಚಿಟ್ಟೆಗೆ ಲೋಕದ ಪರಿವೆ ಇಲ್ಲ. ಚಿತ್ರ ತೆಗೆಯಲು ಕಲಿಯುವವರು ಇಲ್ಲಿಂದಲೇ ಶುರು ಮಾಡಬೇಕು.

ಈ ಟೈಗರ್, ಕ್ರೋಗಳ ಕಥೆ ಮೇ ತಿಂಗಳಿಗೆ ಸೇರಿದ್ದು. ಪಶ್ಚಿಮ ಘಟ್ಟದಿಂದ ಇವು ಏಪ್ರಿಲ್‌ನಿಂದ ಜೂನ್ ಒಳಗೆ, ಮುಂಗಾರು ಹಿಡಿಯುವ ಮೊದಲು, ಗುಂಪುಗುಂಪಾಗಿ ಪೂರ್ವದ ಬಯಲಿಗೆ ಹೋಗುತ್ತವೆ. ಅಕ್ಟೋಬರ್–ನವೆಂಬರಿನ ಹೊತ್ತಿಗೆ ಮರಳಿ ಬರುವ ಸಾಲುಗಳು ಕಾಣುತ್ತವೆ. ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದ ಕೃಷ್ಣಮೇಘ ಕುಂಟೆ ಈ ವಲಸೆಯನ್ನು ಅಧ್ಯಯನ ಮಾಡಿದ್ದಾರೆ. ಅಮೆರಿಕದ ಮೊನಾರ್ಕ್ ಚಿಟ್ಟೆ ಚಳಿಗೆ ಹೆದರಿ ಮೆಕ್ಸಿಕೋಗೆ ಹೋಗುವುದು ನಮ್ಮ ಶಾಲಾ ಮಕ್ಕಳಿಗೂ ಗೊತ್ತು. ನಮ್ಮವು ಮಳೆಗೆ ಊರು ಬಿಡುತ್ತವೆ ಎಂಬುದು ಮಾತ್ರ ದೊಡ್ಡವರಿಗೂ ಗೊತ್ತಿಲ್ಲ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿನಲ್ಲಿ ಅದು ಜಾಣತನವೇ. ನಮ್ಮ ಲಾರಿಗಳ ಹಾಗೆ ಇವೂ ಪೂರ್ವಕ್ಕೆ ಘಟ್ಟ ಹತ್ತುವ ಗಿರಾಕಿಗಳು. ಮೇ ತಿಂಗಳಲ್ಲಿ ಶಿರಾಡಿ ಘಾಟಿಯಿಂದ ಇಳಿದು ಬಂದ ಹಾಸನದ ಚಾಲಕರೊಬ್ಬರು ಗಾಜು ಒರೆಸುತ್ತಾ ಹೇಳಿದ್ದರು: "ಸಾರ್, ದಾರಿಯುದ್ದಕ್ಕೂ ಎದುರಿಗೇ ಬರ್ತವೆ. ವೈಪರ್ ಹಾಕೋಕೆ ಮನಸ್ಸು ಬರಲ್ಲ."

ಮರ್ಯಾದಸ್ತರು ಕೇಳಬಾರದ ಒಂದು ಸಂಗತಿಯೂ ಉಂಟು. ಮೈದಾನದ ಕಾಂಪೌಂಡ್ ಗೋಡೆಯ ಬುಡದಲ್ಲಿ, "ಇಲ್ಲಿ ಮೂತ್ರ ಮಾಡಬಾರದು" ಎಂದು ಬರೆದಿರುವ ಕಡೆಯಲ್ಲೇ, ಕಾಮನ್ ಬ್ಲೂಬಾಟಲ್ ಮತ್ತು ಎಮಿಗ್ರಂಟ್ ಚಿಟ್ಟೆಗಳು ಸಾಲಾಗಿ ಕೂರುತ್ತವೆ. ಅವಕ್ಕೆ ಬೇಕಾದದ್ದು ಉಪ್ಪಿನಂಶ. ಹೂವಿನ ಮಕರಂದದಲ್ಲಿ ಅದು ಸಾಲದು, ಹಾಗಾಗಿ ಗಂಡುಗಳು ಒದ್ದೆ ಮಣ್ಣು, ಸೆಗಣಿ, ಬೆವರು, ಮೂತ್ರ ಯಾವುದನ್ನೂ ಬಿಡುವುದಿಲ್ಲ. ಹೀಗೆ ಕೂಡಿಟ್ಟ ಉಪ್ಪಿನಲ್ಲಿ ಒಂದು ಪಾಲು ಕೂಡುವಿಕೆಯಲ್ಲಿ ಹೆಣ್ಣಿಗೆ ಹೋಗುತ್ತದೆ. ಬಹುಮಾನ ಗೆದ್ದ ಎಷ್ಟೋ 'ನದಿ ತೀರದ ಚಿಟ್ಟೆ ಸಮೂಹ'ಗಳ ಚಿತ್ರಗಳ ಹಿಂದಿನ ನಿಜವೂ ಇಂಥದ್ದೇ. ಶೀರ್ಷಿಕೆಯಲ್ಲಿ ಬರೆಯುವುದಿಲ್ಲ, ಅಷ್ಟೆ.

ಚಿತ್ರ ತೆಗೆಯಲು ದೊಡ್ಡ ಲೆನ್ಸ್ ಬೇಕೇ ಎಂದು ಕೇಳುವವರಿಗೆ ನನ್ನ ಉತ್ತರ, ಬೇಡ. ಮೊಬೈಲು ಸಾಕು, ಬೆಳಿಗ್ಗೆ ಬೇಗ ಏಳಬೇಕು. ಏಳೂವರೆಯ ಬಿಸಿಲಿಗೆ ರೆಕ್ಕೆ ಬಿಡಿಸಿ ಮೈ ಕಾಯಿಸಿಕೊಳ್ಳುವ ಚಿಟ್ಟೆ ಹತ್ತು ಗಂಟೆಯ ಮೇಲೆ ಕೈಗೆ ಸಿಗದು. ನಿಮ್ಮ ನೆರಳು ಅದರ ಮೇಲೆ ಬೀಳಬಾರದು. ಬೂಟಿನ ಸದ್ದಿಗಿಂತ ನೆರಳಿಗೇ ಅದು ಹೆದರುವುದು. ಎ.ಸಿ. ಕೋಣೆಯಿಂದ ಕ್ಯಾಮೆರಾ ಹೊರತಂದರೆ ಕರಾವಳಿಯ ಹಬೆ ಲೆನ್ಸಿನ ಮೇಲೆ ಮಂಜು ಕಟ್ಟುತ್ತದೆ, ಸ್ವಲ್ಪ ಹೊತ್ತು ಚೀಲದಲ್ಲೇ ಇರಲಿ. ಮಳೆಗಾಲ ಪೂರ್ತಿ ಸಿಲಿಕಾ ಜೆಲ್ ಹಾಕಿದ ಡಬ್ಬದಲ್ಲಿಡದಿದ್ದರೆ ಲೆನ್ಸಿನೊಳಗೆ ಬೂಸ್ಟು ಗ್ಯಾರಂಟಿ. ರೆಕ್ಕೆಯ ಮೇಲ್ಭಾಗ ಒಂದು, ಕೆಳಭಾಗ ಒಂದು, ಎರಡೂ ತೆಗೆಯಿರಿ. ಸಣ್ಣ ನೀಲಿ ಚಿಟ್ಟೆಗಳನ್ನು ಕೆಳಭಾಗ ನೋಡದೆ ಹೆಸರಿಸುವುದು ಕಷ್ಟ.

ನನಗೆ ಸಿಟ್ಟು ಬರುವುದು ಬೇರೆ ಜಾತಿಯ ಛಾಯಾಗ್ರಹಣದ ಮೇಲೆ. ಹುಳುವನ್ನು ಫ್ರಿಡ್ಜಿನಲ್ಲಿಟ್ಟು ಮರಗಟ್ಟಿಸಿ, ಬೇರೆ ಹೂವಿನ ಮೇಲೆ ಕೂರಿಸಿ, ಸ್ಪ್ರೇಯಿಂದ ಇಬ್ಬನಿ ಹೊಡೆದು ಸ್ಪರ್ಧೆಗೆ ಕಳಿಸುವವರಿದ್ದಾರೆ. ರೆಕ್ಕೆ ಮುಟ್ಟಿದರೆ ಬೆರಳಿಗೆ ಹತ್ತುವ ಪುಡಿ ಅದರ ಬಣ್ಣವೇ, ಮತ್ತೆ ಬೆಳೆಯುವುದಿಲ್ಲ. ಆ ಚಿತ್ರ ಎಷ್ಟು ಚೆಂದವಿದ್ದರೂ ಮದುವೆ ಆಲ್ಬಮ್ಮಿಗಿಂತ ಹೆಚ್ಚಿನ ಬೆಲೆ ಅದಕ್ಕಿಲ್ಲ. ಅದು ಯಾವ ಊರು, ಯಾವ ತಿಂಗಳು ಎಂಬುದೇ ಸುಳ್ಳು.

ಊರು, ತಿಂಗಳು ಯಾಕೆ ಮುಖ್ಯ ಎನ್ನುವುದಕ್ಕೆ ಕಾಮನ್ ಈವ್‌ನಿಂಗ್ ಬ್ರೌನ್ ಒಂದು ಸಾಕು. ಭತ್ತ ಮತ್ತು ಹುಲ್ಲಿನ ಎಲೆ ತಿಂದು ಬೆಳೆದು, ಸಂಜೆ ಹೊತ್ತು ಕಚೇರಿಯ ಟ್ಯೂಬ್‌ಲೈಟಿಗೆ ಬರುವ ಕಂದು ಚಿಟ್ಟೆ ಇದು. ಬೇಸಿಗೆಯಲ್ಲಿ ಥೇಟ್ ತರಗೆಲೆ. ಮಳೆ ಹಿಡಿದ ಮೇಲೆ ಹುಟ್ಟುವ ಪೀಳಿಗೆಯ ರೆಕ್ಕೆಯಡಿಯಲ್ಲಿ ಕಣ್ಣಿನಂಥ ಬೊಟ್ಟುಗಳ ಸಾಲು. ಒಂದೇ ಚಿಟ್ಟೆ, ಎರಡು ವೇಷ. ವೇಷ ಯಾವ ವಾರ ಬದಲಾಯಿತು ಎಂಬುದು ಮಳೆಯ ದಾಖಲೆಯೂ ಹೌದು. ದಿನಾಂಕವಿಲ್ಲದ ಚಿತ್ರದಿಂದ ಇದು ಸಿಗುವುದಿಲ್ಲ. ದೇಶದ ಚಿಟ್ಟೆ ಆಸಕ್ತರು 2020ರಿಂದ ಸೆಪ್ಟೆಂಬರಿನಲ್ಲಿ 'ಬಿಗ್ ಬಟರ್‌ಫ್ಲೈ ಮಂತ್' ನಡೆಸುತ್ತಿದ್ದಾರೆ, ಒಳ್ಳೆಯದೇ. ಆದರೆ ನಮ್ಮ ಕರಾವಳಿಗೆ ಬೇಸಿಗೆಯ ಪಗ್ಗು, ಬೇಶ ತಿಂಗಳ ಲೆಕ್ಕವೂ ಬೇಕು. ಬ್ರಿಟನ್ನಿನಲ್ಲಿ ಇರುವುದೇ 60ರ ಆಸುಪಾಸಿನ ಜಾತಿಗಳು, ಅವರ ಬಳಿ ದಶಕಗಳ ವಾರವಾರದ ಲೆಕ್ಕವುಂಟು. ಪಶ್ಚಿಮ ಘಟ್ಟದಲ್ಲಿ 330ಕ್ಕೂ ಹೆಚ್ಚು ಜಾತಿಗಳಿವೆ, ಅದರ ಬುಡದಲ್ಲಿ ಕೂತ ನಮ್ಮ ಬಳಿ ವಾಟ್ಸ್ಆ್ಯಪ್ ಸ್ಟೇಟಸ್ ಉಂಟು.

ಇನ್ನು ಕತ್ತಿಯ ವಿಷಯ. ಮಳೆಗಾಲಕ್ಕೆ ಮುನ್ನ ಎಲ್ಲ ಕಡೆ 'ಸ್ವಚ್ಛತೆ' ಶುರುವಾಗುತ್ತದೆ. ತೋಡಿನ ಹೂಳು ಎತ್ತಲೇಬೇಕು, ಇಲ್ಲದಿದ್ದರೆ ನೀರು ರಸ್ತೆಗೆ ಬರುತ್ತದೆ, ಅದರಲ್ಲಿ ತಕರಾರಿಲ್ಲ. ಆದರೆ ಅದೇ ಉಮೇದಿನಲ್ಲಿ ತೋಡಿಗೂ ರಸ್ತೆಗೂ ಸಂಬಂಧವೇ ಇಲ್ಲದ ಖಾಲಿ ಜಾಗದ ಎಕ್ಕ, ತುಂಬೆ, ಗಿಲಿಗಿಲಿ ಕಾಯಿಯ ಗಿಡ ಎಲ್ಲವನ್ನೂ ಬುಡಸಮೇತ ಸವರಿಹಾಕುತ್ತಾರೆ. ಹೋದ ವರ್ಷ ನಮ್ಮ ಮೈದಾನದ ಅಂಚಿಗೂ ಯಂತ್ರ ಬಂತು. ಯಾರ ಗುತ್ತಿಗೆ ಎಂಬುದು ಇಲ್ಲಿ ಬೇಡ, ಎಲ್ಲ ಗುತ್ತಿಗೆಗಳೂ ಹಾಗೆಯೇ. ಎಲೆಯಡಿಯಲ್ಲಿ ನೇತಾಡುತ್ತಿದ್ದ ಹಸಿರು ಕೋಶಗಳು ಹುಲ್ಲಿನೊಂದಿಗೆ ರಾಶಿಯಾಗಿ ಬಿದ್ದು ಬೆಂಕಿಗೆ ಹೋದವು. ಮೊದಲು ಹೇಳಿದ 3–4 ವಾರಗಳ ಲೆಕ್ಕ ಇಲ್ಲಿಗೆ ಬೇಕಾಗಿತ್ತು. ಮೇ ನಡುವಿನಲ್ಲಿ ಕಡಿದರೆ ಮಳೆಗೆ ಮೊದಲಿನ ಒಂದು ಪೀಳಿಗೆಯೇ ಹೋಯಿತು.

ಕಡಿದ ಜಾಗಕ್ಕೆ ಇಂಟರ್‌ಲಾಕ್ ಹಾಸಿ, ಕುಂಡದಲ್ಲಿ ಹೊರದೇಶದ ಹೂ ಇಟ್ಟು 'ಚಿಟ್ಟೆ ಉದ್ಯಾನ' ಎಂದು ಬೋರ್ಡು ಹಾಕುವುದನ್ನೂ ನೋಡಿದ್ದೇನೆ. ಹೂ ಇದ್ದರೆ ಚಿಟ್ಟೆ ಬಂದು ಹೋಗುತ್ತದೆ. ಮೊಟ್ಟೆಯಿಡಲು ಅದಕ್ಕೆ ಬೇಕಾದದ್ದು ಅದರದ್ದೇ ಗಿಡ: ಪ್ಲೇನ್ ಟೈಗರಿಗೆ ಎಕ್ಕ, ಎಮಿಗ್ರಂಟಿಗೆ ಬಿಸುವಿಗೆ ಹೂ ಬಿಡುವ ಕಕ್ಕೆ, ಮಾರ್ಮನ್‌ಗೆ ಹಿತ್ತಲಿನ ಕರಿಬೇವು, ಬ್ಯಾರನ್‌ಗೆ ಮಾವು, ಗೇರು. ಮೂಡುಬಿದಿರೆ ಬಳಿಯ ಬೆಳುವಾಯಿಯಲ್ಲಿ ಸಮ್ಮಿಲನ್ ಶೆಟ್ಟಿಯವರು ಮಾಡಿದ ಚಿಟ್ಟೆ ಪಾರ್ಕಿನಲ್ಲಿ ಬಲೆಯೂ ಇಲ್ಲ, ಗುಮ್ಮಟವೂ ಇಲ್ಲ. ಇಂಥ ಗಿಡಗಳನ್ನು ಬೆಳೆಸಿದರು, ಚಿಟ್ಟೆಗಳು ತಾವಾಗಿ ಬಂದವು. ರಾಜ್ಯದ ಚಿಟ್ಟೆಯೆಂದು ನಾವು ಸದರ್ನ್ ಬರ್ಡ್‌ವಿಂಗ್ ಅನ್ನು ಆರಿಸಿಕೊಂಡಿದ್ದೇವೆ. 19 ಸೆಂಟಿಮೀಟರಿನವರೆಗೆ ರೆಕ್ಕೆ ಹರಡುವ ಕಪ್ಪು–ಹಳದಿಯ ಆ ಚಿಟ್ಟೆಗೆ ಬೇಕಾದದ್ದು ಈಶ್ವರ ಬೇರಿನ ಜಾತಿಯ ಬಳ್ಳಿಗಳು. ತುಳುನಾಡಿನ ನಾಗಬನಗಳಲ್ಲಿ ಇಂಥ ಬಳ್ಳಿಗಳಿಗೆ ಜಾಗವಿತ್ತು. ಈಗ ಬನದ ಮರ ಕಡಿದು, ಕಾಂಕ್ರೀಟ್ ಕಟ್ಟೆ ಕಟ್ಟಿ, ಗ್ರಾನೈಟ್ ಹಾಸುವುದೇ ಜೀರ್ಣೋದ್ಧಾರ.

ರಸ್ತೆ ಬದಿ ಕಡಿಯಲೇಬಾರದು ಎಂದು ನಾನು ಹೇಳುವುದಿಲ್ಲ. ಲಾರಿ ತಿರುಗುವಲ್ಲಿ ಚಾಲಕನಿಗೆ ಎದುರು ಕಾಣಬೇಕು, ಹಾವಿನ ಹೆದರಿಕೆಯೂ ಸುಳ್ಳಲ್ಲ. ಡಾಂಬರಿನ ಅಂಚಿನಿಂದ ಒಂದು ಮೀಟರ್ ಸವರಿ, ಅದರಾಚೆಗಿನದ್ದನ್ನು ಬಿಡಿ. ಎಲ್ಲವನ್ನೂ ಕಡಿಯಲೇಬೇಕಾದರೆ ಅರ್ಧ ಈಗ, ಇನ್ನರ್ಧ ಒಂದು ತಿಂಗಳು ಬಿಟ್ಟು ಕಡಿಯಿರಿ. ಕಳೆನಾಶಕ ಹೊಡೆಯಬೇಡಿ, ಕಡಿದ ಸೊಪ್ಪಿಗೆ ಅಂದೇ ಬೆಂಕಿ ಹಾಕಬೇಡಿ. ಇದಕ್ಕೆ ಹೊಸ ಯೋಜನೆ ಬೇಡ, ಅನುದಾನ ಬೇಡ, ಉದ್ಘಾಟನೆಯೂ ಬೇಡ. ಗುತ್ತಿಗೆಯ ಕರಾರಿನಲ್ಲಿ ಎರಡು ಸಾಲು ಸೇರಿಸಿದರೆ ಆಯಿತು.

ಓದುಗರಲ್ಲಿ ಕೇಳುವುದು ಇಷ್ಟೇ. ಈ ಬೇಸಿಗೆ ಮುಗಿಯುವ ಮೊದಲು ನಿಮ್ಮ ಮನೆಯ, ಕಚೇರಿಯ, ಬಸ್ ಸ್ಟಾಪಿನ ಬದಿಯ ಯಾವುದಾದರೂ ಚಿಟ್ಟೆಯ ಎರಡು ಚಿತ್ರ ತೆಗೆಯಿರಿ, ದಿನಾಂಕ ಮತ್ತು ಊರಿನ ಹೆಸರು ಬರೆದು 'ಬಟರ್‌ಫ್ಲೈಸ್ ಆಫ್ ಇಂಡಿಯಾ' ಜಾಲತಾಣಕ್ಕೆ ಅಥವಾ 'ಐನ್ಯಾಚುರಲಿಸ್ಟ್'ಗೆ ಕಳಿಸಿ. ಹೆಸರು ಗೊತ್ತಿಲ್ಲದಿದ್ದರೂ ನಡೆಯುತ್ತದೆ, ಗೊತ್ತಿರುವವರು ಹೇಳುತ್ತಾರೆ. ಆಮೇಲೆ ನಿಮ್ಮ ವಾರ್ಡಿನ ಸದಸ್ಯರಿಗೋ ಪಂಚಾಯತ್ ಕಚೇರಿಗೋ ಆ ಎರಡು ಸಾಲಿನ ಬಗ್ಗೆ ಒಂದು ಅರ್ಜಿ ಕೊಡಿ.